ನಾಲ್ಕನೆಯದೋ ಐದನೆಯದೋ, ಬೀಗಿತ್ತಿಯವರೇ?

ನ್ಯಾಮತಿಯಲ್ಲಿ ಪಿರಮಿಡ್ ಕಟ್ಟಿಸಿದವಳು ನಾನು. ನೀವು ಈಗಲೇ ಬಸ್ಸು ಹತ್ತಿ ಹೋಗಿ ನ್ಯಾಮತಿಯ ಸರ್ಕಲ್ಲಿನಲ್ಲಿ ನಿಂತು ಹುಡುಕಿದರೆ ಸಿಗಲಿಕ್ಕಿಲ್ಲ, ಆದರೆ ನನ್ನ ರಾಜ್ಯದಲ್ಲಿ ಅದು ಇತ್ತು. ಅದೇ ರಾಜ್ಯದಲ್ಲಿ ಉಬ್ರಾಣಿ ಒಂದು ದೊಡ್ಡ ಬಂದರು. ಅಲ್ಲಿಂದ ಹಡಗುಗಳು ಹೊರಡುತ್ತಿದ್ದವು. ಚನ್ನಗಿರಿಯ ಜನ ತಿಮಿಂಗಿಲ ಹಿಡಿದು ಹೊಟ್ಟೆ ಹೊರೆಯುತ್ತಿದ್ದರು. ರಾಜಧಾನಿ ಮಾತ್ರ ಹೊನ್ನಾಳಿ. ನಾನು ಪಾಠ ಮಾಡುವ ಹೈಸ್ಕೂಲು ಹೊನ್ನಾಳಿಯಲ್ಲಿದೆ, ರಾಣಿಯಾದವಳು ಸಂಜೆ ರಾಜಧಾನಿಯಿಂದ ನಡೆದುಕೊಂಡು ಮನೆಗೆ ಬರುವಂತಿರಬೇಕು.

ಇದು ಕಂಪ್ಯೂಟರಿನ ಆಟ ಎಂದು ನಿಮಗೆ ಇಷ್ಟು ಹೊತ್ತಿಗೆ ಹೊಳೆದಿರಬೇಕು. ಹೊಳೆಯದಿದ್ದರೆ ನನ್ನ ಮೇಲೆ ನಿಮಗಿರುವ ನಂಬಿಕೆ ದೊಡ್ಡದು. ನಾಲ್ಕು ಜನ, ಒಂದು ಗಾಡಿ, ಸುತ್ತ ಏನೂ ಕಾಣದ ಕತ್ತಲೆಯ ನೆಲ, ಇಷ್ಟನ್ನು ಕೈಗೆ ಕೊಟ್ಟು ಅದು ರಾಜ್ಯ ಕಟ್ಟು ಎನ್ನುತ್ತದೆ. ನೀವು ಒಂದು ನಡೆ ನಡೆಸಿದ ಮೇಲೆ ಉಳಿದ ರಾಜರು ಒಂದೊಂದು ನಡೆ ನಡೆಸುತ್ತಾರೆ, ಮತ್ತೆ ನಿಮ್ಮ ಸರದಿ. ಚೌಕಾಬಾರ ಆಡಿದವರಿಗೆ ಇದರಲ್ಲಿ ಹೊಸದೇನಿಲ್ಲ, ಕವಡೆಯ ಬದಲು ಇಲ್ಲಿ ಕುದುರೆ, ಕಬ್ಬಿಣ, ಗೋಧಿ, ದೇವಸ್ಥಾನ. ಈ ಆಟದ ಆವೃತ್ತಿಗಳು ಒಂದರ ಹಿಂದೆ ಒಂದರಂತೆ ಹಲವು ಬಂದಿವೆಯಂತೆ. ನನಗೆ ಗೊತ್ತಿದ್ದದ್ದು ನಾಲ್ಕನೆಯದು ಮಾತ್ರ. ಮಗಳು ಪಲ್ಲವಿ ಮದುವೆಯಾಗಿ ಜಗಳೂರಿಗೆ ಹೋಗುವಾಗ ತನ್ನ ಹಳೆಯ ಲ್ಯಾಪ್‌ಟಾಪನ್ನು ಪ್ರಶ್ನೆಪತ್ರಿಕೆ ಟೈಪು ಮಾಡಿಕೋ ಎಂದು ನನಗೆ ಬಿಟ್ಟುಹೋದಳು. ಅದರ ಮೂಲೆಯಲ್ಲಿ ಕಿರೀಟದ ಚಿತ್ರವೊಂದಿತ್ತು. ಒತ್ತಿದೆ. ಆ ವರ್ಷದ ಪ್ರಶ್ನೆಪತ್ರಿಕೆಯನ್ನು ಕೊನೆಗೆ ಕೈಯಲ್ಲಿ ಬರೆದು ಕೊಟ್ಟೆ.

ನಾನು ಸಮಾಜ ವಿಜ್ಞಾನದ ಮೇಷ್ಟ್ರಮ್ಮ. ನಮ್ಮ ಮಕ್ಕಳ ಉತ್ತರಪತ್ರಿಕೆಗಳಲ್ಲಿ ಎಲ್ಲ ರಾಜರೂ ಒಂದೇ ಕೆಲಸ ಮಾಡುತ್ತಾರೆ: ಕೆರೆಕಟ್ಟೆ ಕಟ್ಟಿಸುತ್ತಾರೆ, ಸಾಲುಮರ ನೆಡಿಸುತ್ತಾರೆ, ಪ್ರಜೆಗಳನ್ನು ಮಕ್ಕಳಂತೆ ನೋಡಿಕೊಳ್ಳುತ್ತಾರೆ, ಮೂರು ಅಂಕ ತೆಗೆದುಕೊಂಡು ಹೊರಟುಹೋಗುತ್ತಾರೆ. ನಾನೂ ವರ್ಷಗಟ್ಟಲೆ ಹಾಗೇ ಹೇಳಿಕೊಟ್ಟಿದ್ದೆ. ಸ್ವತಃ ರಾಣಿಯಾದ ಮೇಲೆ ಗೊತ್ತಾಯಿತು, ಒಂದು ಕೆರೆ ಕಟ್ಟಿಸುವಷ್ಟರಲ್ಲಿ ಉತ್ತರದಿಂದ ಕಾಡುಜನ ನುಗ್ಗಿ ಬಂದಿರುತ್ತಾರೆ, ದಕ್ಷಿಣದಲ್ಲಿ ಗೋಧಿ ಮುಗಿದಿರುತ್ತದೆ, ಮಕ್ಕಳಂತೆ ನೋಡಿಕೊಂಡ ಪ್ರಜೆಗಳು ಮಕ್ಕಳಂತೆಯೇ ಹಟ ಹಿಡಿದಿರುತ್ತಾರೆ. ಆಮೇಲೊಂದು ಪರೀಕ್ಷೆಯಲ್ಲಿ ಒಬ್ಬ ಹುಡುಗಿ, ಸಾಮ್ರಾಜ್ಯದ ಅವನತಿಗೆ ಕಾರಣವೇನು ಎಂಬ ಪ್ರಶ್ನೆಗೆ "ರಾಜನಿಗೆ ಪುರುಸೊತ್ತು ಸಿಗಲಿಲ್ಲ" ಎಂದು ಒಂದೇ ಸಾಲು ಬರೆದಿದ್ದಳು. ಪೂರ್ತಿ ಅಂಕ ಕೊಟ್ಟೆ. ನಮ್ಮ ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ಸ್ವಂತ ತಾಲ್ಲೂಕಾದದ್ದು ನಿಮಗೆ ಗೊತ್ತಿರಬಹುದು. ನನ್ನ ಆಟದಲ್ಲೂ ಅದು ಒಮ್ಮೆ ದಂಗೆಯೆದ್ದು ಬೇರೆಯಾಯಿತು, ಪಿರಮಿಡ್ಡಿನ ಸಮೇತ. ಅದನ್ನು ಮತ್ತೆ ಸೇರಿಸಿಕೊಳ್ಳಲು ನಾನು ಪಟ್ಟ ಪಾಡನ್ನು ನ್ಯಾಮತಿಯಲ್ಲೇ ಇರುವ ನನ್ನ ತಂಗಿಗೆ ಹೇಳಿದೆ. ಅವಳು ಒಂದು ವಾರ ನನಗೆ ಫೋನು ಮಾಡಲಿಲ್ಲ.

ಹೀಗೆಂದು ನಾನೇನೋ ದೊಡ್ಡ ಆಟಗಾರ್ತಿ ಎಂದುಕೊಳ್ಳಬೇಡಿ. ಆಟದಲ್ಲಿ ಕಷ್ಟದ ಮೆಟ್ಟಿಲುಗಳಿವೆ. ನಾನು ತೀರ ಕೆಳಗಿನ ಮೆಟ್ಟಿಲಿನಲ್ಲಿ ಕೂತು ಕಾಲು ಚಾಚಿಕೊಂಡವಳು. ಭಾನುವಾರ ಬಟ್ಟೆ ಒಣಹಾಕಿದ ಮೇಲೆ, ಸಂಜೆ ಹಾಲು ಬರುವ ಮುಂಚೆ, ಹೀಗೆ ಸಂದಿಯಲ್ಲಿ ಸಿಕ್ಕ ಹೊತ್ತಿನಲ್ಲಿ ಆಡುತ್ತೇನೆ. ನನ್ನಂಥವರಿಗೆ ನಾಲ್ಕನೆಯದು ಒಳ್ಳೆಯದೋ ಐದನೆಯದು ಒಳ್ಳೆಯದೋ ಎಂದು ಅಂತರ್ಜಾಲದಲ್ಲಿ ಪುಟಗಟ್ಟಲೆ ವಾದ ನಡೆದಿದೆ. ಅದನ್ನೆಲ್ಲ ಓದಿ ನಾನೂ ಪಂಡಿತಳಾಗಿದ್ದೆ. ಆದರೆ ಆ ಪಂಡಿತರಲ್ಲಿ ಯಾರಿಗೂ ಬಾರದ ತೊಡಕು ನನಗೆ ಬಂತು. ನನ್ನ ಆಯ್ಕೆಯ ನಡುವೆ ಬೀಗಿತ್ತಿ ಬಂದು ಕೂತರು.

ಬೀಗಿತ್ತಿ ಎಂದರೆ ಪಲ್ಲವಿಯ ಅತ್ತೆ, ಗಿರಿಜಮ್ಮನವರು. ಜಗಳೂರಿನಲ್ಲಿ ಅವರದು ಬಟ್ಟೆ ಅಂಗಡಿ. ಹಣೆತುಂಬ ವಿಭೂತಿ, ಕಡಿಮೆ ಮಾತು, ಸೀರೆಯ ಅಂಚು ಮುಟ್ಟಿಯೇ ಅದು ಎಷ್ಟು ಒಗೆತಕ್ಕೆ ತಡೆಯುತ್ತದೆ ಎಂದು ಹೇಳಬಲ್ಲ ಕೈ. ನಮ್ಮಿಬ್ಬರ ನಡುವೆ ಮದುವೆಯ ದಿನವೇ ಒಂದು ಹೋಳಿಗೆ ಅಡ್ಡ ಬಂದಿತ್ತು.

ನಮ್ಮ ಕಡೆ ಬೀಗರ ಪಂಕ್ತಿಯಲ್ಲಿ ಹೋಳಿಗೆ ಬಂದಾಗ ಎಲೆಗೆ ಕೈ ಅಡ್ಡ ಹಿಡಿದು "ಸಾಕ್ರಿ, ಸಾಕ್ರಿ" ಎನ್ನಬೇಕು. ಅದು ಮರ್ಯಾದೆ. ಬಡಿಸುವವರು ಅದನ್ನು ಕೇಳಿಸಿಕೊಳ್ಳದೆ ಬೆರಳ ಸಂದಿಯಲ್ಲೇ ಒಂದು ಜಾರಿಸಬೇಕು. ಅದೂ ಮರ್ಯಾದೆ. ಅಡಿಗೆಯವರು ಅವತ್ತು ಹೊಸಬನೊಬ್ಬನನ್ನು ಕರೆತಂದಿದ್ದರು, ಪಾಪ, ಜನ ಹೇಳಿದ್ದನ್ನು ನಂಬುವವನು. ಗಿರಿಜಮ್ಮನವರು ಸಾಕು ಎಂದರು, ಅವನು ಸರಿ ಎಂದು ಮುಂದಿನ ಎಲೆಗೆ ಹೋದ. ಅವರ ಕೈ ಎಲೆಯ ಮೇಲೇ ಸ್ವಲ್ಪ ಹೊತ್ತು ಉಳಿಯಿತು. ಕೈ ತೊಳೆದು ಬಂದು ನನಗೆ "ಊಟ ಚೆನ್ನಾಗಿತ್ರಿ" ಎಂದರು. ಅಷ್ಟೇ. ನಮ್ಮಲ್ಲಿ ಹೊಗಳಿಕೆ ಅಷ್ಟು ಗಿಡ್ಡವಾದರೆ ಅದಕ್ಕೆ ಏನರ್ಥವೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂದಿನಿಂದ ನಾವಿಬ್ಬರೂ ಫೋನಿನಲ್ಲಿ ಊಟವಾಯಿತೇ, ಮಳೆ ಬಂತೇ, ಇಡಲೇ, ಇಡಿ ಎಂಬ ನಾಲ್ಕು ಮಾತಿನ ಬೀಗತನ ನಡೆಸಿಕೊಂಡು ಬಂದೆವು. ಉಳಿದದ್ದನ್ನೆಲ್ಲ ಪಲ್ಲವಿ ಅತ್ತಿಂದಿತ್ತ ಹೊತ್ತು ತಿರುಗುತ್ತಿದ್ದಳು. ಅತ್ತೆಯ ಮಾತಿಗೆ ಸ್ವಲ್ಪ ಸಕ್ಕರೆ ಹಾಕಿ ನನಗೆ, ನನ್ನ ಮಾತಿನ ಮುಳ್ಳು ತೆಗೆದು ಅತ್ತೆಗೆ.

ಪಲ್ಲವಿಗೆ ದಿನ ತುಂಬುತ್ತ ಬಂತು, ಕುಬುಸದ ಮಾತು ಶುರುವಾಯಿತು. ಬಸುರಿಗೆ ಹಸಿರು ಸೀರೆ, ಹಸಿರು ಬಳೆ ತೊಡಿಸಿ, ಎರಡೂ ಮನೆಯವರು ಕೂಡಿ ಆರತಿ ಎತ್ತುವ ದಿನ. ಒಂದು ಮಧ್ಯಾಹ್ನ ಫೋನು ಮಾಡಿದವಳು ಸಕ್ಕರೆಯನ್ನೂ ಹಾಕಲಿಲ್ಲ, ಮುಳ್ಳನ್ನೂ ತೆಗೆಯಲಿಲ್ಲ.

"ಅಮ್ಮಾ, ಕುಬುಸದ ದಿನ ನೀನೂ ಅತ್ತೇನೂ ಎದುರುಬದುರು ಕೂತು ಮಳೆ ಹೆಂಗೈತ್ರಿ ಅಂತ ಕೇಳ್ಕೊಂಡ್ರೆ ನಾನು ಎದ್ದು ಹೊರಟೋಗ್ತೀನಿ ನೋಡು. ನಿಮ್ಮಿಬ್ರ ನಡುವೆ ನಿಂತು ನಿಂತು ನಂಗೆ ಸಾಕಾಗೇತೆ. ಅವತ್ತೊಂದಿನನಾದ್ರೂ ನಾನು ಸುಮ್ನೆ ಕೂತ್ಕೋಬೇಕು."

"ಅದ್ಕೆ ನಾನೇನ್ ಮಾಡ್ಲೇ? ಅವ್ರು ಮಾತೇ ಆಡಲ್ಲ."

"ಅತ್ತೇನೂ ಅದೇ ಆಟ ಆಡ್ತಾರಮ್ಮ. ಅಂಗಡಿ ಕಂಪ್ಯೂಟರ್‌ನಾಗೆ. ಐದನೇದು."

ನಾನು ಹಿಡಿದಿದ್ದ ಹುಣಿಸೆಹಣ್ಣು ಪಾತ್ರೆಯ ಹೊರಗೆ ಬಿತ್ತು. ಜಗಳೂರಿನ ಮಧ್ಯಾಹ್ನದ ಬಿಸಿಲು, ಗಿರಾಕಿಗಳಿಲ್ಲದ ಬಟ್ಟೆ ಅಂಗಡಿ, ಬಿಲ್ಲು ಹಾಕುವ ಕಂಪ್ಯೂಟರಿನ ಮುಂದೆ ಗಂಭೀರವಾಗಿ ಕೂತ ಗಿರಿಜಮ್ಮನವರು. ಬೀದಿಯಲ್ಲಿ ಹೋಗುವವರು ಲೆಕ್ಕ ಬರೆಯುತ್ತಿದ್ದಾರೆ ಎಂದು ಗೌರವದಿಂದ ತಲೆಬಾಗಿಸಿ ಹೋಗುತ್ತಾರೆ, ಇವರು ಒಳಗೆ ಯಾರದೋ ಕೋಟೆಗೆ ಏಣಿ ಹಾಕುತ್ತಿದ್ದಾರೆ. ನನಗೆ ನಗು ತಡೆಯಲಾಗಲಿಲ್ಲ. ಆ ಕ್ಷಣದಲ್ಲೇ ಅವರ ಮೇಲೆ ಪ್ರೀತಿಯೂ ಬಂತು, ಹೇಳಿಬಿಡುತ್ತೇನೆ.

ಅವತ್ತು ಸಂಜೆ ನಾನೇ ಫೋನು ಮಾಡಿದೆ. ಊಟ, ಮಳೆ ಎರಡನ್ನೂ ದಾಟಿ, ಧೈರ್ಯ ಮಾಡಿ ಕೇಳಿದೆ: "ನಿಮ್ಮ ರಾಜಧಾನಿ ಯಾವುದ್ರಿ?"

ಆ ಕಡೆಯಿಂದ ಕದ್ದು ಬೆಲ್ಲ ತಿನ್ನುವಾಗ ಸಿಕ್ಕಿಬಿದ್ದವರ ಸಣ್ಣ ದನಿ: "ಸೊಕ್ಕೆ ಕಣ್ರಿ."

"ಜಗಳೂರು ಅಲ್ವಾ?"

"ಜಗಳೂರು ಗಂಡನ ಮನಿ ಅಲ್ವೇನ್ರೀ, ಅದನ್ನ ಎರಡನೇದು ಮಾಡೀನಿ. ಸೊಕ್ಕೆ ನಮ್ ತವರು. ಯಾವಾಗ್ಲೂ ಹೊಳೆ ದಂಡೀಗೇ ಕಟ್ತೀನಿ. ಆಟದಾಗಾದ್ರೂ ನಮ್ ಸೊಕ್ಕೇಗೆ ಹೊಳೆ ಇರ್ಲಿ ಅಂತ."

ಆಮೇಲೆ ಮಾತು ನಿಲ್ಲಲಿಲ್ಲ. ನಾಲ್ಕನೆಯದಕ್ಕೂ ಐದನೆಯದಕ್ಕೂ ಏನು ವ್ಯತ್ಯಾಸ ಎಂದು ನಾವಿಬ್ಬರೂ ಹೋಲಿಸಿ ನೋಡಿದೆವು. ನಾಲ್ಕನೆಯದರಲ್ಲಿ ನೆಲವೆಲ್ಲ ಚೌಕ ಚೌಕ, ಒಂದೇ ಚೌಕದಲ್ಲಿ ಎಷ್ಟು ದಂಡು ಬೇಕಾದರೂ ತುರುಕಬಹುದು, ಬೆಳಗಿನ ಶಿವಮೊಗ್ಗದ ಬಸ್ಸಿನ ಹಾಗೆ. ಐದನೆಯದರಲ್ಲಿ ಆರು ಮೂಲೆಯ ಮನೆಗಳು, ಒಂದು ಮನೆಗೆ ಒಂದೇ ದಂಡು. ಒಬ್ಬರ ಎಲೆಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ನಾಲ್ಕನೆಯದರ ರಾಜರು ಬೇಗ ಮರೆಯುತ್ತಾರೆ. ಐದನೆಯದರ ರಾಜರು ನೀನು ಇಂಥ ದಿನ ನನ್ನ ಗಡಿಯ ಪಕ್ಕ ಊರು ಕಟ್ಟಿದೆ, ಇಂಥ ದಿನ ನನ್ನ ಶತ್ರುವಿಗೆ ಕುದುರೆ ಮಾರಿದೆ ಎಂದು ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ಸಮಯ ಬಂದಾಗ ಓದಿ ಹೇಳುತ್ತಾರೆ. ನಮ್ಮ ದಾಯಾದಿಗಳನ್ನು ನೋಡಿಯೇ ಮಾಡಿದ್ದಾರೆ ಎಂದು ನನಗೆ ಅನುಮಾನ.

ಇನ್ನೊಂದು ದೊಡ್ಡ ವ್ಯತ್ಯಾಸವನ್ನು ಯಾವ ಪಂಡಿತರೂ ಬರೆದಿಲ್ಲ. ನಾಲ್ಕನೆಯದರಲ್ಲಿ ಪಕ್ಕದ ರಾಜ ಸ್ನೇಹ ಕೇಳಿದಾಗ ನೀವು ಬೇಡ ಎಂದರೂ ಅವನು ಬಿಡುವುದಿಲ್ಲ, ನಾಲ್ಕು ಸರದಿ ಕಳೆದು ಮತ್ತೆ ಬಂದು ಕೇಳುತ್ತಾನೆ. ಉಪಚಾರ ಗೊತ್ತಿರುವವನು. ಐದನೆಯದರಲ್ಲಿ ಹಾಗಿಲ್ಲ ಎಂದು ಗಿರಿಜಮ್ಮನವರು ನೊಂದುಕೊಂಡು ಹೇಳಿದರು.

"ಒಬ್ಬಾತ ರಾಜಿಗೆ ಬಂದಿದ್ದ ಕಣ್ರಿ, ಯುದ್ಧ ಬ್ಯಾಡ ಅಂತ. ಮೊದ್ಲನೇ ಸಲಕ್ಕೇ ಹೂಂ ಅಂದ್ರೆ ಏನ್ ತಿಳ್ಕಂತಾನೋ ಅಂತ ನಾನು ಬ್ಯಾಡ ಅಂತ ಒತ್ತಿದೆ. ಇನ್ನೊಂದ್ಸಲ ಕೇಳೇ ಕೇಳ್ತಾನೆ, ಆಗ ಹೂಂ ಅನ್ನಾಕೆ ತಯಾರಾಗಿ ಕೂತಿದ್ದೆ. ಮುಂದಿನ ಸರದೀಗೆ ಆನೆ ಬಿಟ್ಟ ನೋಡ್ರಿ! ಕೇಳ್ಬೇಕೋ ಬ್ಯಾಡೋ ಇನ್ನೊಂದ್ಸಲ?"

"ಕೇಳ್ಬೇಕ್ರಿ" ಎಂದೆ. ಹಾಗೆನ್ನುವಾಗ ಎಲೆಯ ಮೇಲೆ ಉಳಿದುಹೋಗಿದ್ದ ಅವರ ಕೈ ನನ್ನ ಕಣ್ಣ ಮುಂದೆ ಬಂತು. ಅವರ ಕಣ್ಣ ಮುಂದೆಯೂ ಬಂದಿರಬೇಕು. ನಾನೇ "ಒಟ್ಟಿಗೆ ಆಡೋಣ್ವಾ?" ಎಂದೆ. ಅವರು "ನಂಗೇನು ಅಷ್ಟು ಬರಲ್ರಿ" ಎಂದರು. ಎರಡನೆಯ ಸಲ ಕೇಳಿದೆ. "ಆಯ್ತ್ರಿ" ಎಂದರು.

ಆದರೆ ಒಟ್ಟಿಗೆ ಆಡಬೇಕಾದರೆ ಇಬ್ಬರ ಹತ್ತಿರವೂ ಒಂದೇ ಆಟ ಇರಬೇಕು ಎಂದು ಅಳಿಯ ಹೇಳಿದ. ನನ್ನ ಲ್ಯಾಪ್‌ಟಾಪಿನಲ್ಲಿ ಎರಡಕ್ಕೂ ಜಾಗವಿಲ್ಲ. ಐದನೆಯದು ಬರಬೇಕಾದರೆ ನಾಲ್ಕನೆಯದು, ಅದರೊಳಗಿನ ನನ್ನ ರಾಜ್ಯ, ಬಂದರು, ಪಿರಮಿಡ್ಡು ಎಲ್ಲ ಹೋಗಬೇಕು. ಅಂಗಡಿಯ ಕಂಪ್ಯೂಟರಿನದೂ ಅದೇ ಕಥೆ, ನಾಲ್ಕನೆಯದು ಬಂದರೆ ಹೊಳೆದಂಡೆಯ ಸೊಕ್ಕೆ ಅಳಿಸಿಹೋಗುತ್ತದೆ.

ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಹೆಣ್ಣು ಕೊಟ್ಟೋರು ನಾವು, ತಗ್ಗಬೇಕಾದ್ದು ನಾವೇ" ಎಂದರು. ನ್ಯಾಮತಿಯ ತಂಗಿ, "ಆಟದಾಗೂ ತಗ್ಗಿದ್ರೆ ಬಾಣಂತನದಾಗೂ ತಗ್ಗಿಸ್ತಾರೆ, ಬಿಡಬ್ಯಾಡಕ್ಕ" ಎಂದಳು. ಗಿರಿಜಮ್ಮನವರಾದರೋ "ನಿಮ್ದೇ ಇರ್ಲಿ ಬಿಡ್ರಿ, ನಾವೇ ನಾಕನೇದು ಹಾಕ್ಕಂತೀವಿ" ಎಂದರು. ನಾನು "ಛೆ, ನಿಮ್ದೇ ಇರ್ಲಿ" ಎಂದೆ. ಅವರು "ಇಲ್ರಿ, ನಿಮ್ದು" ಎಂದರು. ಈ "ನಿಮ್ದೇ" ಎಷ್ಟು ದಿನ ನಡೆಯಿತೆಂದರೆ, ಪಲ್ಲವಿ ನಡುವೆ ಬಾಯಿ ಹಾಕಿ, "ನಿಮ್ಮ ಉಪಚಾರ ಮುಗಿಯೋದ್ರೊಳಗೆ ಮಗು ಹುಟ್ಟಿ ಶಾಲಿಗೆ ಸೇರ್ತೈತೆ" ಎಂದು ಗದರಿದಳು.

ಕೊನೆಗೆ ನಾನು ಪಂಕ್ತಿಯ ನೀತಿಯನ್ನೇ ಹಿಡಿದೆ. ಅವರು ಬೇಡ ಎಂದಷ್ಟೂ ಒತ್ತಾಯ ಮಾಡಿದೆ, ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಜಾರಿಸಿದೆ. ಮೂರನೆಯದೋ ನಾಲ್ಕನೆಯದೋ ಸಲ ಅವರು "ಅಷ್ಟ್ ಹೇಳ್ತೀರ ಅಂದ್ಮೇಲೆ" ಎಂದು ಒಪ್ಪಿದರು. ಆ ದನಿಯಲ್ಲಿದ್ದ ತೃಪ್ತಿಯನ್ನು ಕೇಳಲು ಎರಡು ರಾಜ್ಯ ಬೇಕಾದರೂ ಬಿಡಬಹುದಿತ್ತು. ಬಿಟ್ಟೆ. ಅಳಿಸುವ ಗುಂಡಿ ಒತ್ತುವ ಮುಂಚೆ ಉಬ್ರಾಣಿಯ ಹಡಗಿನವರಿಗೆ ಕೈ ಮುಗಿದೆ. ನಗಬೇಡಿ, ಅವರು ಒಳ್ಳೆಯ ಜನ.

ಐದನೆಯದು ಬಂತು. ಬೀಗಿತ್ತಿಯರ ಮೊದಲ ಆಟ ಶುರುವಾಯಿತು. ಅಂಥ ಆಟವನ್ನು ಲೋಕದಲ್ಲಿ ಯಾರೂ ಆಡಿರಲಾರರು. ನಮ್ಮಿಬ್ಬರ ರಾಜ್ಯದ ನಡುವೆ ಒಂದು ಒಳ್ಳೆಯ ಬಯಲಿತ್ತು. ಹೊಳೆ, ಗೋಧಿ, ಕಬ್ಬಿಣ, ಏನು ಕೇಳುತ್ತೀರಿ. ಅವರು ನೀವೇ ತಗೊಳ್ಳಿ ಎಂದರು, ನಾನು ಮೊದಲು ನೀವು ಎಂದೆ. ಇಬ್ಬರೂ ಹಿಂದೆ ಹಿಂದೆ ಸರಿದು ಕಲ್ಲುಗುಡ್ಡದಲ್ಲಿ ಊರು ಕಟ್ಟಿಕೊಂಡೆವು. ಕಂಪ್ಯೂಟರು ಆಡಿಸುವ ಮೂರನೆಯ ರಾಜ ಬಂದು, ಅವನಿಗೆ ಈ ಮರ್ಯಾದೆಯನ್ನೆಲ್ಲ ಯಾರು ಹೇಳಿಕೊಟ್ಟಿದ್ದಾರೆ, ಬಯಲಿನ ನಟ್ಟನಡುವೆ ಕೋಟೆ ಹಾಕಿದ.

ಆಮೇಲೆ ಉಡಿ ತುಂಬುವುದು ಶುರುವಾಯಿತು. ಮನೆಗೆ ಬಂದ ಹೆಣ್ಣುಮಗಳನ್ನು ಅಕ್ಕಿ, ಕಾಯಿ, ಕುಪ್ಪಸದ ಕಣ ಸೆರಗಿಗೆ ಹಾಕದೆ ಕಳಿಸುವುದುಂಟೇ? ಅವರ ದೂತ ನನ್ನ ರಾಜ್ಯಕ್ಕೆ ಬಂದ, ರೇಷ್ಮೆ ಕೊಟ್ಟು ಕಳಿಸಿದೆ. ಅವರು ಬರಿಗೈಯಲ್ಲಿ ಇರಲಾರದೆ ಕುದುರೆ ಕಳಿಸಿದರು. ಕುದುರೆಗೆ ಬರೀ ರೇಷ್ಮೆ ಸಾಟಿಯೇ, ನಾನು ಕಬ್ಬಿಣ ಕಳಿಸಿದೆ. ಅವರು ಇದ್ದ ಆನೆಗಳನ್ನೆಲ್ಲ ಕಳಿಸಿದರು. ನನ್ನ ಹತ್ತಿರ ಆನೆ ಇತ್ತು, ಭಲ್ಲೆ ಮಾಡಲು ಕಬ್ಬಿಣವಿರಲಿಲ್ಲ. ಅವರ ಹತ್ತಿರ ಕಬ್ಬಿಣವಿತ್ತು, ಹತ್ತಲು ಕುದುರೆ ಇರಲಿಲ್ಲ. ಮೂರನೆಯ ರಾಜ ಸೊಕ್ಕೆಯಿಂದ ಶುರುಮಾಡಿ ಹೊನ್ನಾಳಿಯವರೆಗೆ ಒಂದೇ ಉಸಿರಿನಲ್ಲಿ ನುಂಗಿದ. ಪರದೆಯ ಮೇಲೆ "ನೀವು ಸೋತಿರಿ" ಎಂದು ಬಂದಾಗ ಫೋನಿನಲ್ಲಿ ಏನೋ ಸದ್ದು. ಅಳುತ್ತಿದ್ದಾರೋ ಎಂದು ಹೆದರಿದೆ. ಗಿರಿಜಮ್ಮನವರು ನಗುತ್ತಿದ್ದರು, ಕೆಮ್ಮು ಬರುವ ಹಾಗೆ. ನಮ್ಮ ಸಂಬಂಧ ಬೆಳೆದಾಗಿನಿಂದ ಅವರ ನಗೆಯನ್ನು ನಾನು ಕೇಳಿದ್ದು ಅದೇ ಮೊದಲು.

"ಬೀಗ್ರೇ, ಹಿಂಗಾದ್ರೆ ನಾವಿಬ್ರೂ ಉದ್ಧಾರ ಆಗಂಗಿಲ್ಲ" ಎಂದರು ಸುಧಾರಿಸಿಕೊಂಡು. "ಈ ಸಲ ಮರ್ಯಾದೆ ಬಾಗಿಲ ಹೊರಗಿಟ್ಟು ಆಡೋಣ್ರಿ. ನಾನು ನಿಮ್ ಮ್ಯಾಲೆ ಬರ್ತೀನಿ, ನೀವು ನನ್ ಮ್ಯಾಲೆ ಬರ್ರಿ."

"ಬೀಗರ ಮೇಲೆ ಹೆಂಗ್ರೀ ಯುದ್ಧ ಮಾಡಾಕಾಗ್ತೈತೆ?" ಎಂದೆ ನಾನು, ನನ್ನ ಹೊನ್ನಾಳಿ ಮಾತೆಲ್ಲ ಬಾಯಿಗೆ ಬಂದು.

"ಬೀಗರ ಮ್ಯಾಲೆ ಮಾಡ್ದೆ ಮತ್ಯಾರ ಮ್ಯಾಲೆ ಮಾಡ್ಬೇಕ್ರಿ?" ಎಂದರು ಅವರು.

ಮಾತು ಎಂದರೆ ಮಾತು. ಎರಡನೆಯ ಆಟದಲ್ಲಿ ಅವರು ಬಸವಾಪಟ್ಟಣವನ್ನು ಹಿಡಿದರು. ಬಸವಾಪಟ್ಟಣ ನನ್ನ ತವರು, ಅವರಿಗೆ ಅದು ಚೆನ್ನಾಗಿ ಗೊತ್ತು. ನಾನು ಮೊದಲು ಅವಾಕ್ಕಾದೆ, ಆಮೇಲೆ ರೇಗಿದೆ, ಆಮೇಲೆ ಅಡಿಗೆಮನೆಯಲ್ಲಿ ಒಬ್ಬಳೇ ನಿಂತು ಅವರ ಕೋಟೆಯ ಯಾವ ಮೂಲೆ ಸಡಿಲವಿದೆ ಎಂದು ರೊಟ್ಟಿ ಹಿಟ್ಟಿನ ಮೇಲೆ ಬೆರಳಿನಿಂದ ಗೆರೆ ಎಳೆದೆ. ಇಷ್ಟು ಸಂತೋಷ ನನಗೆ ಬಹಳ ಕಾಲದಿಂದ ಆಗಿರಲಿಲ್ಲ. ಹವ್ಯಾಸಿಗಳು ನಾಲ್ಕನೆಯದು ಆಡಬೇಕೋ ಐದನೆಯದೋ ಎಂದು ಯಾರಾದರೂ ಈಗ ನನ್ನನ್ನು ಕೇಳಿದರೆ, ಚೌಕ ಎಷ್ಟು ಮೂಲೆ ಎಷ್ಟು ಎಂದು ನಾನು ಹೇಳುವುದಿಲ್ಲ. ನಿಮ್ಮ ಮೇಲೆ ದಂಡೆತ್ತಿ ಬರುವಷ್ಟು ನಿಮ್ಮ ಹತ್ತಿರದವರು ಯಾರಿದ್ದಾರೆ, ಅವರ ಬಳಿ ಯಾವುದಿದೆ ಎಂದು ವಿಚಾರಿಸಿ ಎನ್ನುತ್ತೇನೆ.

ಕುಬುಸಕ್ಕೆ ಜಗಳೂರಿಗೆ ಹೋದೆವು. ಪಡಸಾಲೆಯಲ್ಲಿ ಜಮಖಾನ ಹಾಸಿ, ಮಣೆಯ ಮೇಲೆ ಪಲ್ಲವಿಯನ್ನು ಕೂರಿಸಿದ್ದರು, ಮೊಣಕೈವರೆಗೆ ಹಸಿರು ಬಳೆ. ಸುತ್ತ ಎರಡೂ ಕಡೆಯ ಹೆಂಗಸರು. ಅವಳು ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು, ಹಳೆಯ ಅಭ್ಯಾಸದಂತೆ ಮಧ್ಯಸ್ಥಿಕೆಗೆ ಸಿದ್ಧಳಾಗಿ ಬೆನ್ನು ನೆಟ್ಟಗೆ ಮಾಡಿದಳು. ನಾನು ಗಂಭೀರವಾಗಿ ಇರಬೇಕೆಂದೇ ನಿರ್ಧರಿಸಿ ಬಂದಿದ್ದೆ. ಆದರೆ ಗಿರಿಜಮ್ಮನವರು ಅರಿಶಿನ ಕುಂಕುಮ ಕೊಡುತ್ತ ತುಟಿಯ ತುದಿಯಲ್ಲಿ ನಕ್ಕರು, ಊರು ಗೆದ್ದವರ ನಗು.

"ಬಸವಾಪಟ್ಟಣ ವಾಪಸ್ ಕೊಡ್ರಿ" ಎಂದುಬಿಟ್ಟೆ.

"ಕೊಡಂಗಿಲ್ರಿ. ಹಿಡಿದೋರ್ದು ಅದು."

"ನಮ್ಮ ಬಿಲ್ಲುಗಾರರು ಊರಲ್ಲಿಲ್ಲದ ಹೊತ್ತು ನೋಡಿ ಬಂದ್ರಿ ನೀವು!"

"ಯಾಕ್ ಇರ್ಲಿಲ್ಲ? ಎಲ್ರನ್ನೂ ಸೊಕ್ಕೆ ಸುಡಾಕೆ ಕಳಿಸಿದ್ರಲ್ಲ, ನಂಗೇನು ಕಾಣ್ಲಿಲ್ವ?"

ಗಿರಿಜಮ್ಮನವರ ಅಕ್ಕ ಎದ್ದು ಬಂದು ಇಬ್ಬರ ಕೈಯನ್ನೂ ಹಿಡಿದುಕೊಂಡು, "ಏನ್ರವ್ವಾ ಇದು, ತವರಿನ ಆಸ್ತಿ ಜಗಳನ ಇವತ್ತೇ ಆಡ್ಬೇಕಿತ್ತಾ? ಹಿರೇರು ಕೂತು ಪಂಚಾಯ್ತಿ ಮಾಡಿದ್ರಾತು" ಎಂದು ಅಳುವುದಕ್ಕೇ ಬಂದರು. ಗಿರಿಜಮ್ಮನವರು ಅರಿಶಿನದ ಬಟ್ಟಲನ್ನು ಸೊಕ್ಕೆ ಮಾಡಿ, ವೀಳ್ಯದೆಲೆಯನ್ನು ಹೊಳೆ ಮಾಡಿ, ನನ್ನ ಆನೆಗಳು ಎಲ್ಲಿ ತಪ್ಪು ದಾರಿ ಹಿಡಿದವು ಎಂದು ಜಮಖಾನದ ಮೇಲೆ ತೋರಿಸತೊಡಗಿದರು. ನಾನು ಎರಡು ಅಡಿಕೆ ಎತ್ತಿಕೊಂಡು ಅವರ ಹಿಂಬಾಗಿಲಿಗೆ ಇಟ್ಟೆ. ಅವರು ತಲೆಯ ಮೇಲೆ ಕೈ ಹೊತ್ತರು.

ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ಹಿಂದಿನಿಂದ ಬಳೆಗಳ ಸದ್ದಿಗೆ ತಿರುಗಿದೆವು. ಪಲ್ಲವಿ ಮಣೆಯ ಮೇಲೆ ಬೆನ್ನು ಸಡಿಲ ಬಿಟ್ಟು, ಗೋಡೆಗೆ ಒರಗಿ, ಕಾಲು ಚಾಚಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು.

"ನಂಗೆ ಆರತಿ ಎತ್ತೋರು ಯಾರಾದ್ರೂ ಇದ್ದೀರೋ," ಎಂದಳು, "ಇಲ್ಲ ಸುಮ್ನೆ ಕೂತಿರ್ಲೋ?"

ಮದುವೆಯಾದ ದಿನದಿಂದ ನಮ್ಮಿಬ್ಬರ ನಡುವೆ ನಿಂತಿದ್ದವಳನ್ನು, ಅವಳದೇ ಕುಬುಸದ ದಿನ ನಾವಿಬ್ಬರೂ ಕೂಡಿ ಪೂರ್ತಿ ಮರೆತುಬಿಟ್ಟಿದ್ದೆವು. ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ನೋಡಿ ಬಹಳ ದಿನವಾಗಿತ್ತು. ಗಡಬಡಿಸಿ ಎದ್ದು ತಟ್ಟೆಯ ಒಂದು ಅಂಚನ್ನು ನಾನು ಹಿಡಿದೆ, ಇನ್ನೊಂದು ಅಂಚನ್ನು ಗಿರಿಜಮ್ಮನವರು ಹಿಡಿದರು, ಹೆಂಗಸರು ಹಾಡು ಎತ್ತಿದರು. ಎರಡನೆಯ ಸುತ್ತಿಗೆ ಬಂದಾಗ ಬೀಗಿತ್ತಿ ದೀಪದ ಮೇಲಿಂದ ನನ್ನ ಕಡೆ ಬಾಗಿ, ಹಾಡಿನ ನಡುವೆಯೇ ಪಿಸುಗುಟ್ಟಿದರು:

"ಬಸವಾಪಟ್ಟಣ ಮಾತ್ರ ಕೊಡಂಗಿಲ್ಲ ನೋಡ್ರಿ."